ಟ್ರಾಮ್ ಹಳಿ ಇರೋ ರೋಡಲ್ಲಿ ಸೈಕಲ್ ಯಾಕೆ ಬೀಳುತ್ತೆ, ಬೀಳದೇ ಇರೋಕೆ ಏನ್ ಮಾಡ್ಬೇಕು

ಕಾರವಾರ, ಕುಮಟಾ, ಹೊನ್ನಾವರ, ಘಟ್ಟದ ಮೇಲೆ ಶಿರಸಿ ಸಿದ್ದಾಪುರ, ಎಲ್ಲಾ ಕಡೆಯಿಂದ ಈಗ ಮಕ್ಕಳು ಓದೋಕೆ ಅಂತ ಮೆಲ್ಬರ್ನ್, ಟೊರೊಂಟೊ, ಜರ್ಮನಿ ಅಂತ ಹೊರಟಿದ್ದಾರೆ. ಹೋದ ಸ್ವಲ್ಪ ದಿನಕ್ಕೇ ಬಸ್ಸಿನ ಖರ್ಚು ನೋಡಿ ಒಂದು ಸೆಕೆಂಡ್ ಹ್ಯಾಂಡ್ ಸೈಕಲ್ ತಗೊಳ್ತಾರೆ, ತಗೊಳ್ಳೋದು ಒಳ್ಳೇದೇ. ಎಂಟನೇ ಕ್ಲಾಸಲ್ಲಿ ಸರ್ಕಾರ ಕೊಟ್ಟ ಸೈಕಲ್ ಮೇಲೆ ಜೂನ್ ತಿಂಗಳ ಮಳೇಲಿ ಒಂದು ಕೈಲಿ ಕೊಡೆ ಹಿಡ್ಕಂಡು ಶಾಲೆಗೆ ಹೋದವರು ಇವರು, ಸೈಕಲ್ ಹೊಡೆಯೋಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ರೆ ಆ ಊರುಗಳ ರೋಡಲ್ಲಿ ನಮ್ಮಲ್ಲಿ ಇಲ್ಲದ ಒಂದು ವಸ್ತು ಇದೆ, ಟ್ರಾಮ್ ಹಳಿ. ಚಳಿಗೆ ಜಾಕೆಟ್, ಉಪ್ಪಿನಕಾಯಿ, ಕುಕ್ಕರ್ ಎಲ್ಲಾ ಕಟ್ಟಿ ಕಳಿಸೋ ಮನೆಯವರು ಈ ಹಳಿ ಬಗ್ಗೆ ಒಂದು ಮಾತೂ ಹೇಳಿ ಕಳಿಸಲ್ಲ, ಯಾಕಂದ್ರೆ ಅವರಿಗೂ ಗೊತ್ತಿಲ್ಲ. ಅದಕ್ಕೇ ಇದನ್ನ ಸ್ವಲ್ಪ ಉದ್ದಕ್ಕೆ ಬರೀತಾ ಇದೀನಿ.

ಟ್ರಾಮ್ ಅಂದ್ರೆ ಊರೊಳಗಿನ ರೋಡಲ್ಲೇ, ಕಾರು ಬಸ್ಸಿನ ಮಧ್ಯದಲ್ಲೇ, ಹಳಿ ಮೇಲೆ ಓಡೋ ಕರೆಂಟ್ ಗಾಡಿ. ನಮ್ಮ ದೇಶದಲ್ಲಿ ಉಳಿದಿರೋದು ಕೋಲ್ಕತ್ತಾದಲ್ಲಿ ಮಾತ್ರ. 1873ರಲ್ಲಿ ಅಲ್ಲಿ ಕುದುರೆ ಎಳೆಯೋ ಟ್ರಾಮ್ ಶುರುವಾಯ್ತು, 1902ರಲ್ಲಿ ಕರೆಂಟಿಂದ ಓಡೋದು ಬಂತು, 2024ರಲ್ಲಿ ಅಲ್ಲಿನ ಸರ್ಕಾರ ಎಸ್‌ಪ್ಲನೇಡ್‌-ಮೈದಾನದ ಒಂದು ದಾರಿ ಬಿಟ್ಟು ಉಳಿದದ್ದು ನಿಲ್ಲಿಸ್ತೀವಿ ಅಂತ ಹೇಳ್ತು. ಮುಂಬೈಯಲ್ಲೂ ಇತ್ತು, 1964ರ ಮಾರ್ಚ್ 31ಕ್ಕೆ ಕೊನೇ ಟ್ರಾಮ್ ಓಡ್ತು. ನಮ್ಮ ಉತ್ತರ ಕನ್ನಡ ಜಿಲ್ಲೆ 1956ರ ತನಕ ಮುಂಬೈ ರಾಜ್ಯಕ್ಕೇ ಸೇರಿತ್ತಲ್ಲ, ಕಾರವಾರದಿಂದ ಬೋಟ್ ಹತ್ತಿ ಮುಂಬೈಗೆ ಕೆಲಸಕ್ಕೆ ಹೋದ ಹಿಂದಿನ ತಲೆಮಾರಿನವರಿಗೆ ಟ್ರಾಮ್ ಗೊತ್ತಿತ್ತು. ನಮ್ಮ ತಲೆಮಾರಿಗೆ ಅದು ಪೂರಾ ತಪ್ಪಿ ಹೋಯ್ತು. ಶಿರಸಿ ಮಕ್ಕಳಿಗಂತೂ ರೈಲು ಹಳಿ ನೋಡ್ಬೇಕಂದ್ರೂ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರಬೇಕು, ಇಲ್ಲಾ ತಾಳಗುಪ್ಪಕ್ಕೆ ಹೋಗಬೇಕು.

ಈಗ ಹಳಿ ವಿಷಯಕ್ಕೆ ಬರೋಣ. ರೈಲು ಹಳಿ ಜಲ್ಲಿ ಮೇಲೆ ಎದ್ದು ನಿಂತಿರುತ್ತೆ. ಟ್ರಾಮ್ ಹಳಿ ಹಾಗಲ್ಲ, ರೋಡಿನ ಮಟ್ಟಕ್ಕೆ ಸಮ ಹುಗಿದಿರ್ತಾರೆ, ಕಾರು ಅದರ ಮೇಲೆ ಆರಾಮಾಗಿ ಓಡುತ್ತೆ. ಆದ್ರೆ ಟ್ರಾಮಿನ ಗಾಲಿಗೆ ಒಳಗಡೆ ಒಂದು ಅಂಚು ಇರುತ್ತೆ, ಹಳಿ ಬಿಟ್ಟು ಆಚೆ ಹೋಗದ ಹಾಗೆ ಹಿಡಿಯೋದು ಆ ಅಂಚೇ, ಅದು ಓಡಾಡೋಕೆ ಹಳಿ ಪಕ್ಕದಲ್ಲಿ ಉದ್ದಕ್ಕೂ ಒಂದು ಸಂದಿ ಬೇಕೇ ಬೇಕು. ಆ ಸಂದಿಯ ಅಗಲ ಸುಮಾರಾಗಿ 35ರಿಂದ 45 ಮಿಲಿಮೀಟರ್. ನಮ್ಮ ಊರಿನ ಹಳೇ ಕಪ್ಪು ಸೈಕಲ್ ಇದೆಯಲ್ಲ, 28 ಇಂಚಿನ ಗಾಲಿದು, ಅದರ ಟಯರ್ 40 ಮಿಲಿಮೀಟರ್. ವಿದೇಶದಲ್ಲಿ ಮಕ್ಕಳು ಕೊಳ್ಳೋ ಸಾದಾ ಸಿಟಿ ಸೈಕಲ್ ಟಯರ್ 28ರಿಂದ 40ರ ಒಳಗೆ. ಅಂದ್ರೆ ಅಳತೆ ತೆಗೆದು ಮಾಡಿದ ಹಾಗೆ ಟಯರ್ ಆ ಸಂದಿಗೆ ಕೂರುತ್ತೆ. ಸ್ಕೂಟರಿಗೆ ಈ ತೊಂದರೆ ಇಲ್ಲ, ಅದರ ಟಯರ್ 90 ಮಿಲಿಮೀಟರ್ ಹತ್ರ ಇರುತ್ತೆ, ಸಂದಿಗೆ ಇಳಿಯೋದೇ ಇಲ್ಲ, ಹಾಗಾಗಿ ಬೈಕ್ ಓಡಿಸೋರು ಏನೂ ಆಗಲ್ಲ ಬಿಡು ಅಂದ್ರೆ ಆ ಮಾತನ್ನ ಸೈಕಲ್ಲಿಗೆ ಹಚ್ಚಬೇಡಿ.

ನಾವೂ ಕಬ್ಬಿಣದ ಮೇಲೆ ಸೈಕಲ್ ಹೊಡೆದವರೇ ಅಲ್ವಾ ಅಂತ ಕೇಳಬಹುದು. ಹೌದು. ಹೊನ್ನಾವರದ ಶರಾವತಿ ಸೇತುವೆ, ಕಾರವಾರದ ಕಾಳಿ ಸೇತುವೆ ಮೇಲೆ ಹೋಗುವಾಗ ಸೇತುವೆ ಜೋಡಣೆಯ ಕಬ್ಬಿಣದ ಪಟ್ಟಿ ಡಬ್ ಡಬ್ ಅಂತ ಗಾಲಿಗೆ ಸಿಗುತ್ತೆ, ಯಾರೂ ಬೀಳಲ್ಲ. ಯಾಕಂದ್ರೆ ಆ ಪಟ್ಟಿ ರೋಡಿಗೆ ಅಡ್ಡ ಇದೆ, ನಾವು ಅದನ್ನ ನೇರವಾಗಿ ದಾಟ್ತೀವಿ. ಟ್ರಾಮ್ ಹಳಿ ರೋಡಿನ ಉದ್ದಕ್ಕೆ ಇರುತ್ತೆ, ನೀವು ಹೋಗೋ ದಿಕ್ಕಿಗೇ ಅದೂ ಹೋಗುತ್ತೆ, ಕಿಲೋಮೀಟರ್‌ಗಟ್ಟಲೆ ಪಕ್ಕದಲ್ಲೇ ಇರುತ್ತೆ. ಅಪಾಯ ಪೂರಾ ಇಲ್ಲೇ ಇರೋದು. ಅಡ್ಡ ಇರೋ ಕಬ್ಬಿಣಕ್ಕೆ ಒಗ್ಗಿದ ನಮ್ಮ ಕೈ ಕಾಲಿಗೆ ಉದ್ದ ಇರೋ ಕಬ್ಬಿಣದ ಅಭ್ಯಾಸ ಇಲ್ಲ.

ಗಾಲಿ ಸಿಕ್ಕಿಕೊಂಡ್ರೆ ಬೀಳೋದು ಯಾಕೆ, ನಿಧಾನಕ್ಕೆ ಹೊರಗೆ ತೆಗೆಯೋಕೆ ಆಗಲ್ವಾ? ಆಗಲ್ಲ, ಕಾರಣ ಸೈಕಲ್ ನಿಲ್ಲೋ ರೀತಿಯಲ್ಲಿದೆ. ಅಂಗೈ ಮೇಲೆ ಕೋಲು ನಿಲ್ಲಿಸಿ ಆಡ್ತೀವಲ್ಲ, ಕೋಲು ಎಡಕ್ಕೆ ವಾಲಿದ್ರೆ ಅಂಗೈನೂ ಎಡಕ್ಕೆ ಸರಿಸಿ ಅದರ ಬುಡಕ್ಕೆ ತರ್ತೀವಿ, ಸೈಕಲ್ ಓಡಿಸೋದೂ ಅದೇ. ಮೈ ಎಡಕ್ಕೆ ವಾಲಿದಾಗ ಹ್ಯಾಂಡಲ್ ನಮಗೇ ಗೊತ್ತಿಲ್ಲದ ಹಾಗೆ ಒಂದು ಚೂರು ಎಡಕ್ಕೆ ತಿರುಗುತ್ತೆ, ಗಾಲಿ ನಮ್ಮ ಭಾರದ ಅಡಿಗೆ ಬರುತ್ತೆ, ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ, ಸೈಕಲ್ ಓಡ್ತಿರೋಷ್ಟು ಹೊತ್ತೂ ಇದು ನಡೀತಾನೇ ಇರುತ್ತೆ. ಮುಂದಿನ ಗಾಲಿ ಸಂದಿಗೆ ಇಳಿದ ಕ್ಷಣ ಈ ತಿರುಗಾಟ ಬಂದ್. ಹ್ಯಾಂಡಲ್ ಅಲ್ಲಾಡಲ್ಲ, ಮೈ ವಾಲ್ತು ಅಂದ್ರೆ ಸರಿ ಮಾಡೋಕೆ ದಾರಿನೇ ಇಲ್ಲ, ಹಾಗೇ ಪಕ್ಕಕ್ಕೆ ಬಿದ್ದುಬಿಡ್ತೀವಿ. ಅದೂ ಹಳಿ ಮೇಲೆ, ಅಂದ್ರೆ ರೋಡಿನ ನಡುವೆ, ಹಿಂದೆ ಕಾರೋ ಟ್ರಾಮೋ ಬರೋ ಜಾಗದಲ್ಲಿ. ಗಾಬರಿಲಿ ಹ್ಯಾಂಡಲ್ ಜೋರಾಗಿ ತಿರುಗಿಸಿದ್ರೆ ಇನ್ನೂ ಬೇಗ ಬೀಳುತ್ತೆ. ಹಿಂದಿನ ಗಾಲಿ ಮಾತ್ರ ಸಿಕ್ಕಿದ್ರೆ ಕೆಲವೊಮ್ಮೆ ಬಚಾವಾಗಬಹುದು, ಮುಂದಿನ ಗಾಲಿಗೆ ಆ ಅವಕಾಶ ತೀರಾ ಕಡಿಮೆ.

ಹಾಗಾಗಿ ಎಲ್ಲಾ ನಿಂತಿರೋದು ಹಳಿಯನ್ನ ಯಾವ ಕೋನದಲ್ಲಿ ದಾಟ್ತೀರಿ ಅನ್ನೋದ್ರ ಮೇಲೆ. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಸಂದಿ 40 ಮಿಲಿಮೀಟರ್ ಅಗಲ ಇದೆ ಅಂತ ಇಟ್ಕೊಳ್ಳಿ. 90 ಡಿಗ್ರಿಗೆ, ಅಂದ್ರೆ ಸರಿಯಾಗಿ ಅಡ್ಡಕ್ಕೆ ದಾಟಿದ್ರೆ ಗಾಲಿ ಆ ಸಂದಿ ಮೇಲೆ 40 ಮಿಲಿಮೀಟರ್ ಅಷ್ಟೇ ಹೋಗಬೇಕು, ಅಷ್ಟು ದೊಡ್ಡ ಗಾಲಿಗೆ ಅದು ಲೆಕ್ಕಕ್ಕೇ ಇಲ್ಲ. 60 ಡಿಗ್ರಿಲಿ 46 ಆಗುತ್ತೆ, ಹೆಚ್ಚು ಕಡಿಮೆ ಅದೇ. 30 ಡಿಗ್ರಿಗೆ ಬಂದ್ರೆ 80, ಡಬಲ್. 15 ಡಿಗ್ರಿಗೆ ಬಂದ್ರೆ ಸುಮಾರು 155 ಮಿಲಿಮೀಟರ್, ಮುಕ್ಕಾಲು ಗೇಣಿಗೆ ಹತ್ರ. ಅಷ್ಟು ಉದ್ದಕ್ಕೂ ಗಾಲಿ ಸಂದಿ ಮೇಲೇ ಹೋಗ್ತಾ ಇದ್ರೆ ಒಳಗೆ ಇಳಿಯದೇ ಇರುತ್ತಾ. ಇಳಿದ ಮೇಲೆ ಆಚೆ ಬದಿಯ ಅಂಚು ಟಯರನ್ನ ಹಳಿ ದಿಕ್ಕಿಗೇ ತಳ್ಳುತ್ತೆ, ಏರೋಕೆ ಬಿಡಲ್ಲ. 90ರಿಂದ 60ಕ್ಕೆ ಇಳಿದಾಗ ಹಾನಿ ಏನೂ ಇಲ್ಲ, 30ರಿಂದ ಕೆಳಗೆ ಹೋದ ಹಾಗೆ ಅಪಾಯ ಒಮ್ಮೆಲೇ ಏರುತ್ತೆ, ಇದೊಂದು ತಲೇಲಿ ಕೂತ್ರೆ ಉಳಿದದ್ದೆಲ್ಲಾ ತಾನಾಗೇ ಅರ್ಥ ಆಗುತ್ತೆ.

ಇದು ಬರೀ ಕಾಗದದ ಲೆಕ್ಕ ಅಲ್ಲ. ಅಮೆರಿಕದ ಟೆನೆಸ್ಸಿ ರಾಜ್ಯದ ನಾಕ್ಸ್‌ವಿಲ್‌ನಲ್ಲಿ ರೋಡನ್ನ ಓರೆಯಾಗಿ ದಾಟೋ ಒಂದು ರೈಲು ಹಳಿ ಹತ್ರ ಅಲ್ಲಿನ ಯೂನಿವರ್ಸಿಟಿಯವರು ಎರಡು ತಿಂಗಳು ಕ್ಯಾಮೆರಾ ಇಟ್ಟು ನೋಡಿದ್ರು, 53 ಸೈಕಲ್ ಬಿದ್ದದ್ದು ರೆಕಾರ್ಡ್ ಆಯ್ತು, 2017ರಲ್ಲಿ ಅದರ ವರದಿ ಬಂತು. ಕೋನ ಕಡಿಮೆ ಆದಷ್ಟು ಬೀಳೋರು ಹೆಚ್ಚು ಅಂತ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತೆ. ಆಮೇಲೆ ಅಲ್ಲಿ ಸೈಕಲ್ ದಾರಿಯನ್ನೇ ಸ್ವಲ್ಪ ಹೊರಳಿಸಿ, ಹಳಿಯನ್ನ ಹೆಚ್ಚು ಅಡ್ಡಕ್ಕೆ ದಾಟೋ ಹಾಗೆ ಮಾಡಿದ್ರು. ಟೊರೊಂಟೊದಲ್ಲಿ ಸೈಕಲ್ ಅಪಘಾತದಲ್ಲಿ ಗಾಯ ಆಗಿ ಆಸ್ಪತ್ರೆಗೆ ಹೋದವರ ಮೇಲೆ ಮಾಡಿದ ಒಂದು ಅಧ್ಯಯನ 2016ರಲ್ಲಿ ಬಂತು, 276 ಅಪಘಾತದಲ್ಲಿ 87ಕ್ಕೆ, ಅಂದ್ರೆ ಸುಮಾರು ಮೂರರಲ್ಲಿ ಒಂದಕ್ಕೆ, ಹಳಿಯೇ ನೇರ ಕಾರಣ. ಅದರಲ್ಲಿ ಹೆಚ್ಚಿನವು ಗಾಲಿ ಸಂದಿಗೆ ಸಿಕ್ಕಿ ಆದದ್ದು. ಇಷ್ಟು ಜನ ಬೀಳ್ತಾರೆ ಅಂದ್ಮೇಲೆ ಅವನಿಗೆ ಸೈಕಲ್ ಸರಿಯಾಗಿ ಬರಲ್ಲ ಅಂತ ಬಿದ್ದವನ ಮೇಲೆ ಹಾಕೋದು ಸರಿಯಲ್ಲ, ರೋಡು ಹಾಗೆ ಕಟ್ಟಿದ್ದಾರೆ.

ನನ್ನ ಅಕ್ಕನ ಮಗ ಮೆಲ್ಬರ್ನಲ್ಲಿ ಬಿದ್ದಾಗ ಫೋನಲ್ಲಿ ನಾನು ಮೊದಲು ಕೇಳಿದ್ದು ಮಳೆ ಇತ್ತಾ ಅಂತ. "ಇಲ್ಲೆ ಮಾವ, ರೋಡ್ ಪೂರಾ ಒಣಗಿತ್ತು" ಅಂದ. ನಿಲ್ಲಿಸಿದ್ದ ಕಾರುಗಳ ಸಾಲಿನ ಪಕ್ಕ ಹೋಗ್ತಿದ್ನಂತೆ, ಎದುರಿಗೆ ಒಂದು ಕಾರಿನ ಬಾಗಿಲು ತೆರೀತು, ತಪ್ಪಿಸೋಕೆ ಅಂತ ಹ್ಯಾಂಡಲ್ ಸ್ವಲ್ಪ ಬಲಕ್ಕೆ ಎಳೆದ, ಅಲ್ಲೇ ಹಳಿ. ಮುಂಗೈ ಮೂಳೆ ಬಿರುಕು ಬಿಡ್ತು, ಆ ಕೈಯಲ್ಲೇ ಪರೀಕ್ಷೆ ಬರೀಬೇಕಿತ್ತು. ಹಳಿ ಮೇಲೆ ಬೀಳೋದು ಹೆಚ್ಚಾಗಿ ಹೀಗೇ, ದಾಟಬೇಕು ಅಂತ ಹೊರಟಾಗ ಅಲ್ಲ, ಬೇರೆ ಏನನ್ನೋ ತಪ್ಪಿಸೋಕೆ ಹೋದಾಗ. ಬಾಗಿಲು, ಗುಂಡಿ, ನಡುವೆ ನಿಂತ ಡೆಲಿವರಿ ವ್ಯಾನು, ಫೋನ್ ನೋಡ್ತಾ ರೋಡಿಗಿಳಿದ ಮನುಷ್ಯ. ತಪ್ಪಿಸೋವಾಗ ನಾವು ಸಣ್ಣಕ್ಕೆ ವಾಲ್ತೀವಿ, ಆ ಸಣ್ಣ ವಾಲೇ 10-15 ಡಿಗ್ರಿ.

ಇದಕ್ಕೆ ಉಪಾಯ ಅಂದ್ರೆ ಹಳಿ ಇರೋ ರೋಡಲ್ಲಿ ಕಣ್ಣು ದೂರಕ್ಕೆ ಇಡೋದು. ಮುಂದೆ ವ್ಯಾನು ನಿಂತಿದೆ ಅಂತ ಕಂಡ ಕೂಡಲೇ, ಅದರ ಹತ್ರ ಹೋಗೋಕೆ ಮುಂಚೆನೇ, ಸ್ಪೀಡ್ ಇಳಿಸಿ, ಹಿಂದೆ ತಿರುಗಿ ನೋಡಿ, ಜಾಗ ಇದ್ರೆ ಅಗಲವಾಗಿ ಹೊರಳಿ ಹಳಿಯನ್ನ ಅಡ್ಡಕ್ಕೆ ದಾಟಿ. ಜಾಗ ಇಲ್ಲಾಂದ್ರೆ ನಿಂತುಬಿಡಿ. ನಿಂತು, ಇಳಿದು, ಸೈಕಲ್ ದೂಡ್ಕೊಂಡು ಹೋದ್ರೆ ಯಾರ ಗಂಟೂ ಹೋಗಲ್ಲ. ಹಳಿಗೂ ನಿಂತ ಕಾರಿಗೂ ನಡುವೆ ಇರೋ ಕಿರಿದಾದ ಪಟ್ಟಿಯಲ್ಲಿ ಜೋರಾಗಿ ಹೋಗೋದು ಎಲ್ಲಕ್ಕಿಂತ ಕೆಟ್ಟದ್ದು, ಒಂದು ಕಡೆ ಬಾಗಿಲು ಇನ್ನೊಂದು ಕಡೆ ಸಂದಿ. ಅದಕ್ಕಿಂತ, ಬೆನ್ನ ಹಿಂದೆ ಟ್ರಾಮ್ ಬರ್ತಾ ಇಲ್ಲದಾಗ, ಎರಡು ಹಳಿಯ ಮಧ್ಯಕ್ಕೆ ಸರಿಯಾಗಿ ಅಡ್ಡ ದಾಟಿ ಬಂದು, ಅಲ್ಲೇ ನೇರ ಹೋಗಿ, ಮತ್ತೆ ಅಡ್ಡ ದಾಟಿ ಹೊರಗೆ ಬರೋದು ಎಷ್ಟೋ ವಾಸಿ.

ದಾಟೋ ಆ ಒಂದು ಕ್ಷಣದ ಬಗ್ಗೆ ಹೇಳ್ಬೇಕಂದ್ರೆ, ಬ್ರೇಕ್ ಹಿಡಿಯೋದೆಲ್ಲಾ ಹಳಿಗಿಂತ ಮುಂಚೆ ಮುಗಿಸಿಕೊಳ್ಳಿ. ಹಳಿ ಮೇಲೆ ಗಾಲಿ ಇರುವಾಗ ಬ್ರೇಕ್ ಬೇಡ, ಪೆಡಲ್ ಒತ್ತಿ ತುಳಿಯೋದು ಬೇಡ, ಮೈ ವಾಲಿಸೋದು ಬೇಡ, ಹ್ಯಾಂಡಲ್ ನೇರ. ಸೀಟಿಂದ ಒಂದು ಚೂರು ಎದ್ದು ಮೊಣಕಾಲು ಮೊಣಕೈ ಸಡಿಲ ಬಿಟ್ರೆ ಕುಲುಕಾಟ ಮೈಗೆ ತಾಗಲ್ಲ, ಸೈಕಲ್ ತನ್ನ ಪಾಡಿಗೆ ದಾಟುತ್ತೆ. ಹಳಿಯನ್ನೇ ದಿಟ್ಟಿಸಿ ನೋಡಬೇಡಿ, ಎಲ್ಲಿಗೆ ಹೋಗಬೇಕೋ ಅಲ್ಲಿಗೆ ನೋಡಿ, ಕಣ್ಣು ಹೋದ ಕಡೆ ಗಾಲಿ ಹೋಗುತ್ತೆ. ಎರಡೂ ಗಾಲಿ, ಎರಡೂ ಹಳಿ ದಾಟಿದ ಮೇಲೇ ತಿರುಗೋದು. ಮುಂದಿನ ಗಾಲಿ ದಾಟ್ತು ಅಂತ ಅವಸರಕ್ಕೆ ತಿರುಗಿಸಿದ್ರೆ ಹಿಂದಿನ ಗಾಲಿ ಸಿಕ್ಕಿಕೊಳ್ಳುತ್ತೆ.

ಹೆಚ್ಚು ಜನ ಎಡವೋ ಇನ್ನೊಂದು ಜಾಗ ಸರ್ಕಲ್‌ಗಳು. ಮೆಲ್ಬರ್ನಲ್ಲಿ ನಮ್ಮ ಹಾಗೇ ರೋಡಿನ ಎಡಕ್ಕೆ ಹೋಗೋದು, ಟ್ರಾಮ್ ನಡುವೆ ಹೋಗುತ್ತೆ, ಹಾಗಾಗಿ ಬಲಕ್ಕೆ ತಿರುಗಬೇಕಂದ್ರೆ ನಡುವಿನ ಹಳಿ ದಾಟಲೇಬೇಕು. ಇಲ್ಲಿ ಊರಲ್ಲಿ ಮಾಡೋ ಹಾಗೆ ಕೈ ತೋರಿಸಿ ಸಣ್ಣಕ್ಕೆ ಬಲಕ್ಕೆ ಜಾರಿಕೊಂಡು ಹೋದ್ರೆ ಅದೇ ಕೆಟ್ಟ ಕೋನ. ಅದರ ಬದಲು ಎಡ ಬದಿಯಲ್ಲೇ ನೇರ ಸರ್ಕಲ್ ದಾಟಿ ಆಚೆ ಮೂಲೆಗೆ ಹೋಗಿ ನಿಲ್ಲಿ, ಸೈಕಲ್ ಬಲಕ್ಕೆ ಮುಖ ಮಾಡಿ, ಆ ಕಡೆ ಸಿಗ್ನಲ್ ಹಸಿರಾದ ಮೇಲೆ ನೇರ ಹೋಗಿ, ಹಳಿ ತಾನಾಗೇ ಅಡ್ಡಕ್ಕೆ ಸಿಗುತ್ತೆ. ಅಲ್ಲಿ ಇದಕ್ಕೆ ಹುಕ್ ಟರ್ನ್ ಅಂತಾರೆ, ಬೇಡ ಅಂತ ಬೋರ್ಡ್ ಇಲ್ಲದ ಕಡೆಯೆಲ್ಲಾ ಸೈಕಲ್ಲಿನವರು ಮಾಡಬಹುದು, ಕಾನೂನಲ್ಲೇ ಇದೆ. ಟೊರೊಂಟೊ, ಜರ್ಮನಿಲಿ ರೋಡಿನ ಬಲಕ್ಕೆ ಹೋಗೋದು, ಅಲ್ಲಿ ಎಡಕ್ಕೆ ತಿರುಗೋವಾಗ ಇದೇ ಉಪಾಯ ಉಲ್ಟಾ. ಒಂದು ನಿಮಿಷ ತಡ ಆಗುತ್ತೆ ಅಷ್ಟೇ.

ಇನ್ನೊಂದು, ಕೆಲವು ಸರ್ಕಲ್ಲಲ್ಲಿ ನೀವು ನೇರ ಹೋಗ್ತಿರ್ತೀರಿ, ಹಳಿ ತಿರುಗ್ತಾ ಇರುತ್ತೆ. ತಪ್ಪೇನೂ ಮಾಡದೇ, ನೇರ ಹೋಗ್ತಾ ಇದ್ದವರ ಅಡಿಗೆ ಹಳಿಯೇ ಓರೆಯಾಗಿ ಬಂದು ಸೇರುತ್ತೆ. ಎರಡು ಮೂರು ಸಾಲು ಹಳಿ ಕೂಡೋ ಕಡೆ ಒಂದು ಸಂದಿ ತಪ್ಪಿಸಿದ್ರೆ ಇನ್ನೊಂದು. ದಿನಾ ಓಡಾಡೋ ದಾರಿಲಿ ಅಂಥ ಜಾಗ ಎಲ್ಲೆಲ್ಲಿದೆ ಅಂತ ಮೊದಲ ವಾರ ನಡ್ಕಂಡು ಹೋಗಿ ನೋಡಿಕೊಳ್ಳೋದು ಒಳ್ಳೇದು, ಅಲ್ಲಿ ಮಾತ್ರ ಇಳಿದು ದೂಡಿದ್ರೂ ಆಯ್ತು.

ಮಳೆ ವಿಷಯ ನಮ್ಮವರಿಗೆ ಜಾಸ್ತಿ ಹೇಳೋದು ಬೇಡ, ವರ್ಷಕ್ಕೆ 3000 ಮಿಲಿಮೀಟರ್ ಮೇಲೆ ಮಳೆ ಬೀಳೋ ಕರಾವಳಿಯವರು ನಾವು. ಡಾಂಬರಿನ ಒರಟು ಟಯರನ್ನ ಹಿಡಿದುಕೊಳ್ಳುತ್ತೆ, ಟ್ರಾಮ್ ಓಡಿ ಓಡಿ ನುಣುಪಾದ ಉಕ್ಕಿಗೆ ಒರಟು ಇಲ್ಲ, ನೀರು ಬಿದ್ರೆ ಹಿಡಿತವೇ ಇರಲ್ಲ. ಬಹಳ ದಿನ ಬಿಸಿಲಿದ್ದು ಬಿದ್ದ ಮೊದಲ ಮಳೆ ಎಲ್ಲಕ್ಕಿಂತ ಜಾರುತ್ತೆ, ಎಣ್ಣೆ ಧೂಳು ಸೇರಿ, ಇದು ನಮ್ಮ ಜೂನಿನ ಮೊದಲ ವಾರದ ಹಾಗೇ. ಒದ್ದೆ ಹಳಿಯನ್ನ ಆದಷ್ಟೂ 90 ಡಿಗ್ರಿಗೇ ದಾಟಿ, ನಿಧಾನಕ್ಕೆ. ಟೊರೊಂಟೊದವರಿಗೆ ಹಿಮವೂ ಇದೆ, ಸಂದಿ ಮುಚ್ಚಿಹೋಗಿ ಹಳಿ ಎಲ್ಲಿದೆ ಅಂತಲೇ ಕಾಣಲ್ಲ, ಅಂಥ ದಿನ ಆ ರೋಡಲ್ಲಿ ಸೈಕಲ್ ಬೇಡವೇ ಬೇಡ.

ಟ್ರಾಮ್ ಗಾಡಿ ಬಗ್ಗೆಯೂ ಎರಡು ಮಾತು. ಅದು ಹಳಿ ಬಿಟ್ಟು ಪಕ್ಕಕ್ಕೆ ಹೊರಳೋಕೆ ಆಗಲ್ಲ, ಉಕ್ಕಿನ ಮೇಲೆ ಉಕ್ಕಿನ ಗಾಲಿ ಆದ್ರಿಂದ ಕಾರಿನ ಹಾಗೆ ಗಕ್ಕನೆ ನಿಲ್ಲೋಕೂ ಆಗಲ್ಲ. ಟೊರೊಂಟೊದ ಈಗಿನ ಟ್ರಾಮ್ 30 ಮೀಟರ್ ಉದ್ದ ಇದೆ. ಸದ್ದು ಕಡಿಮೆ, ಕಿವಿಗೆ ಇಯರ್‌ಫೋನ್ ಹಾಕಿಕೊಂಡ್ರೆ ಗೊತ್ತೇ ಆಗಲ್ಲ, ಅದಕ್ಕೆ ಪ್ರತಿ ಸಲ ದಾಟೋ ಮುಂಚೆ ತಿರುಗಿ ನೋಡ್ಲೇಬೇಕು. ಸ್ಟಾಪಲ್ಲಿ ಟ್ರಾಮ್ ನಿಂತು ಬಾಗಿಲು ತೆರೆದಿದ್ರೆ ಜನ ನೇರ ರೋಡಿಗೇ ಇಳೀತಾರೆ, ಸೈಕಲ್ ಹಿಂದೆ ನಿಲ್ಲಿಸಬೇಕು, ಮೆಲ್ಬರ್ನ್ ಟೊರೊಂಟೊ ಎರಡೂ ಕಡೆ ಅದು ನಿಯಮ.

ಸೈಕಲ್ ಕೊಳ್ಳೋವಾಗ 50 ಮಿಲಿಮೀಟರ್ ಮೇಲಿನ ದಪ್ಪ ಟಯರಿಂದು ಸಿಕ್ಕಿದ್ರೆ ಅದನ್ನೇ ತಗೊಳ್ಳಿ, ಟೊರೊಂಟೊ ಅಧ್ಯಯನದಲ್ಲೂ ದಪ್ಪ ಟಯರಿನವರು ಹಳಿಯಿಂದ ಬಿದ್ದದ್ದು ಕಡಿಮೆ. ಸಂದಿಗೇ ರಬ್ಬರ್ ತುಂಬಿದ್ರೆ ಆಗಲ್ವಾ ಅಂತ ಎಲ್ಲರಿಗೂ ಹೊಳೆಯುತ್ತೆ, ಅಂಥದ್ದು ಇದೆ, ಅಪರೂಪಕ್ಕೆ ರೈಲು ಹೋಗೋ ಕ್ರಾಸಿಂಗಲ್ಲಿ ಬಳಸ್ತಾರೆ, ಟ್ರಾಮ್ ಐದೈದು ನಿಮಿಷಕ್ಕೆ ಓಡೋ ಕಡೆ ರಬ್ಬರ್ ಬೇಗ ಸವೆದು ಹೋಗುತ್ತೆ. ನಿಜವಾದ ಪರಿಹಾರ ಅಂದ್ರೆ ಸೈಕಲ್ಲಿಗೆ ಬೇರೆ ದಾರಿ ಕೊಡೋದು. ಅಲ್ಲಿ ಇರೋ ನಮ್ಮ ಮಕ್ಕಳು ಹಳಿ ಇಲ್ಲದ ಪಕ್ಕದ ರೋಡ್ ಇದ್ರೆ ಸ್ವಲ್ಪ ಸುತ್ತಾದ್ರೂ ಅದರಲ್ಲೇ ಹೋಗಲಿ.

ಇಲ್ಲಿ ಊರಲ್ಲಿ ಇರೋರಿಗೂ ಇದು ಬೇಕಾದ ಮಾತು. ಕೊಂಕಣ ರೈಲ್ವೆ ಹಳಿ ಇರೋದು ನಮ್ಮ ಹೆದ್ದಾರಿಗೆ ಪಕ್ಕ ಪಕ್ಕದಲ್ಲೇ. ರೈಲ್ವೆ ಗೇಟಲ್ಲಿ ಹಳಿ ಪಕ್ಕ ಬಿಡೋ ಸಂದಿ 51ರಿಂದ 57 ಮಿಲಿಮೀಟರ್, ಟ್ರಾಮ್ ಸಂದಿಗಿಂತ ಅಗಲ, ದಪ್ಪ ಟಯರಿನ ಗೇರ್ ಸೈಕಲ್ಲೂ ಇಳಿಯಬಹುದು. ರೋಡು ಹಳಿಗೆ ಓರೆಯಾಗಿದ್ರೆ, ಅದರಲ್ಲೂ ಗೇಟ್ ತೆಗೆದ ಕೂಡಲೇ ಬೈಕು ಟೆಂಪೋ ಎಲ್ಲಾ ನುಗ್ಗೋವಾಗ, ಸೈಕಲ್ ಮೇಲಿರೋ ಶಾಲೆ ಮಕ್ಕಳನ್ನ ಅಂಚಿಗೆ ಒತ್ತಿಬಿಡ್ತಾರೆ, ಅವರಿಗೆ ಕೋನ ಸರಿ ಮಾಡಿಕೊಳ್ಳೋಕೆ ಜಾಗವೇ ಸಿಗಲ್ಲ. ಮಕ್ಕಳಿಗೆ ಗೇಟಲ್ಲಿ ಇಳಿದು ದೂಡಿಕೊಂಡು ಹೋಗೋಕೆ ಹೇಳಿ, ಹಿಂದಿರೋ ದೊಡ್ಡವರು ಹಾರ್ನ್ ಹೊಡೀದೇ ಕಾಯಲಿ.

ಹೊರದೇಶಕ್ಕೆ ಹೊರಟವರು ಹೋಗೋ ಮುಂಚೆ ಇಲ್ಲೇ ಅಭ್ಯಾಸ ಮಾಡಬಹುದು. ಶಾಲೆ ಮೈದಾನದಲ್ಲಿ ಸುಣ್ಣದ ಪುಡಿಯಲ್ಲಿ ಎರಡು ಉದ್ದ ಗೆರೆ ಎಳೆಯಿರಿ, ನಡುವೆ 1435 ಮಿಲಿಮೀಟರ್, ಅಂದ್ರೆ ಒಂದೂವರೆ ಮೀಟರಿಗೆ ಸ್ವಲ್ಪ ಕಡಿಮೆ, ಮೆಲ್ಬರ್ನ್ ಹಳಿಯ ಅಳತೆ ಅದು. ಗೆರೆ ಪಕ್ಕದಲ್ಲೇ ಸೈಕಲ್ ಹೊಡೀತಾ ಬಂದು, ಭುಜದ ಮೇಲಿಂದ ಹಿಂದೆ ನೋಡಿ, ಸ್ಪೀಡ್ ಇಳಿಸಿ, ಮೊದಲು ಗೆರೆಯಿಂದ ಆಚೆಗೆ ಒಂಚೂರು ಸರಿದು ಆಮೇಲೆ ಹೊರಳಿ ಅಡ್ಡಕ್ಕೆ ದಾಟಿ. ಗೆರೆ ಮೇಲೆ ಟಯರಿನ ಗುರುತು ಉಳಿಯುತ್ತೆ, ಎಷ್ಟು ಓರೆ ಆಗಿದೆ ಅಂತ ಇಳಿದು ನೋಡಬಹುದು. ಹೆಚ್ಚಿನವರಿಗೆ ಕಷ್ಟ ಆಗೋದು ದಾಟೋದಲ್ಲ, ಹಿಂದೆ ತಿರುಗಿ ನೋಡುವಾಗ ಸೈಕಲ್ ಆ ಕಡೆಗೇ ಎಳೆಯೋದು, ಅದು ನಿಲ್ಲೋ ತನಕ ಮಾಡಿ. ಬೆನ್ನಿಗೆ ಪುಸ್ತಕ ತುಂಬಿದ ಬ್ಯಾಗ್ ಹಾಕಿಕೊಂಡೇ ಮಾಡಿ, ಅಲ್ಲಿ ದಿನಾ ಇರೋದು ಅದೇ ಭಾರ.